ಮನೆಯಲ್ಲಿ ಓಡಿದ್ದು ಲ್ಯಾಬಿನಲ್ಲೇಕೆ ಓಡದು?

ಸಿ ಭಾಷೆ ಕಲಿಯುವ ವಿದ್ಯಾರ್ಥಿಗಳಿಗೆಲ್ಲ ಮೊದಮೊದಲೇ ಎದುರಾಗುವ ಒಂದು ಲೆಕ್ಕವುಂಟು: ಒಂದು ಸಂಖ್ಯೆಯ ಫ್ಯಾಕ್ಟೋರಿಯಲ್ ಕಂಡುಹಿಡಿಯುವುದು. ಒಂದರಿಂದ ಎಂಟರವರೆಗಿನ ಸಂಖ್ಯೆಗಳನ್ನು ಒಂದಕ್ಕೊಂದು ಗುಣಿಸಿದರೆ 40,320 ಬರಬೇಕು. ಕಾಗದದ ಮೇಲೆ ಗುಣಿಸಿದರೂ ಅಷ್ಟೇ. ಆದರೆ ಟರ್ಬೊ ಸಿ ಇರುವ ಕಂಪ್ಯೂಟರಿನಲ್ಲಿ, ಉತ್ತರವನ್ನು ಮಾಮೂಲಿ ‘ಇಂಟ್’ ಪೆಟ್ಟಿಗೆಯಲ್ಲಿಟ್ಟು ಈ ಪ್ರೋಗ್ರಾಮ್ ಓಡಿಸಿದವರಿಗೆ ತೆರೆಯ ಮೇಲೆ ಕಾಣುವುದು ಮೈನಸ್ 25,216! ಅದೇ ಕಡತವನ್ನು ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಜಿಸಿಸಿ ಎಂಬ ಕಂಪೈಲರಿಗೆ ಕೊಟ್ಟರೆ ಸರಿಯಾಗಿ 40,320 ಎಂದು ಬರುತ್ತದೆ. ಬರುತ್ತದೆ, ಅದು ಆ ಕಡತವನ್ನು ಒಪ್ಪಿಕೊಂಡರೆ.

ಒಪ್ಪಿಕೊಂಡರೆ ಎಂಬ ಮಾತು ಸುಮ್ಮನೆ ಹೇಳಿದ್ದಲ್ಲ. ಬೋರ್ಲೆಂಡ್ ಕಂಪನಿ 1987ರಲ್ಲಿ ಹೊರತಂದ ಟರ್ಬೊ ಸಿ ಭಾರತದ ಶಾಲೆ-ಕಾಲೇಜುಗಳಲ್ಲಿ, ಕರ್ನಾಟಕದಲ್ಲೂ, ತನ್ನ ಕಾಲ ಮುಗಿದ ಮೇಲೂ ಎಷ್ಟೋ ವರ್ಷ ಉಳಿದುಕೊಂಡಿತು. ಅದರಲ್ಲಿ ಕಲಿತವರ ಪ್ರೋಗ್ರಾಮುಗಳಿಗೆ ಒಂದೇ ಮುಖಲಕ್ಷಣ. ಮೊದಲ ಸಾಲುಗಳಲ್ಲೇ ‘ಕೊನಿಯೊ’ ಎಂಬ ಕಡತವನ್ನು ಕರೆಯುವುದು, ನಂತರ ತೆರೆಯನ್ನು ಒರೆಸುವ ‘ಕ್ಲಿಯರ್ ಸ್ಕ್ರೀನ್’, ಕೊನೆಗೆ ಕೀಲಿ ಒತ್ತುವವರೆಗೂ ಕಾಯುವ ‘ಗೆಟ್‌ಚ್’. ಈ ಮೂರೂ ಸಿ ಭಾಷೆಯ ಮಾನಕಕ್ಕೆ ಸೇರಿದವಲ್ಲ. ಡಾಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್ಮಿನ ಜೊತೆ ಬಂದ ಅನುಕೂಲಗಳು ಅವು. ಲಿನಕ್ಸಿನ ಜಿಸಿಸಿಗೆ ಕೊನಿಯೊ ಎಂದರೇನೆಂದೇ ತಿಳಿಯದು. ಮೊದಲ ಸಾಲಿನಲ್ಲೇ ಮುಗ್ಗರಿಸಿ ‘ಅಂಥ ಕಡತವಿಲ್ಲ’ ಎಂದು ನಿಂತುಬಿಡುತ್ತದೆ.

ಮಗಳು ರಾತ್ರಿಯೆಲ್ಲ ಕುಳಿತು ಮನೆಯ ಕಂಪ್ಯೂಟರಿನಲ್ಲಿ ಬರೆದ ಪ್ರಾಜೆಕ್ಟು ಪರೀಕ್ಷೆಯ ದಿನ ಲ್ಯಾಬಿನಲ್ಲಿ ಓಡಲಿಲ್ಲವೆಂದರೆ ತಂದೆತಾಯಿಗೆ ಮೊದಲು ಬರುವ ಅನುಮಾನ ಮಗಳ ಮೇಲೆ, ಎರಡನೆಯದು ಕಾಲೇಜಿನ ಕಂಪ್ಯೂಟರಿನ ಮೇಲೆ. ಕಂಪ್ಯೂಟರ್ ಎಂದಮೇಲೆ ಎಲ್ಲವೂ ಒಂದೇ ತಾನೆ ಎಂಬುದು ಅವರ ನ್ಯಾಯವಾದ ಪ್ರಶ್ನೆ. ಒಂದೇ ಅಲ್ಲ. ಟರ್ಬೊ ಸಿಯಲ್ಲಿ ಒಂದು ಪೂರ್ಣಾಂಕಕ್ಕೆ ಕೊಡುವ ಜಾಗ ಎರಡು ಬೈಟ್. ಅದರಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು. ತುಂಬಿದ ಮೇಲೆ ಲೆಕ್ಕ ಸುತ್ತಿಕೊಂಡು ಋಣದ ಕಡೆಗೆ ಹೊರಳುತ್ತದೆ. ಜಿಸಿಸಿ ಕೊಡುವುದು ನಾಲ್ಕು ಬೈಟ್. ತಪ್ಪು ಹುಡುಗಿಯ ಗಣಿತದ್ದಲ್ಲ, ಯಂತ್ರದ್ದೂ ಅಲ್ಲ. ತಾನು ಯಾವ ಊರಿಗೆ ಹೊರಟಿದ್ದೇನೆ ಎಂಬುದನ್ನು ಪ್ರೋಗ್ರಾಮಿಗೆ ಯಾರೂ ಹೇಳಿರಲಿಲ್ಲ.

ಹಾಗಾದರೆ ಫೈರ್‌ಫಾಕ್ಸ್, ವಿಎಲ್‌ಸಿ, ಲಿಬ್ರೆ ಆಫೀಸ್ ಮುಂತಾದ ತಂತ್ರಾಂಶಗಳು ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಆಪಲ್ ಕಂಪನಿಯ ಮ್ಯಾಕಿನಲ್ಲೂ ಓಡುತ್ತವಲ್ಲ, ಅವನ್ನು ಮೂರು ಸಲ ಬರೆದಿದ್ದಾರೆಯೆ? ಇಲ್ಲ. ಬರೆದದ್ದು ಬಹುಪಾಲು ಒಂದೇ ಸಲ. ಆದರೆ ಊರಿಗೆ ತಕ್ಕಂತೆ ಬೇರೆಯಾಗಬೇಕಾದ ಕಡೆಗಳಲ್ಲಿ ಎರಡು ಮೂರು ಪಾಠಾಂತರಗಳನ್ನು ಅಕ್ಕಪಕ್ಕದಲ್ಲೇ ಬರೆದಿಟ್ಟಿರುತ್ತಾರೆ. ಯಾವುದನ್ನು ಉಳಿಸಿ ಯಾವುದನ್ನು ಕೈಬಿಡಬೇಕೆಂದು ತೀರ್ಮಾನವಾಗುವುದು ಕಂಪೈಲ್ ಮಾಡುವ ಹೊತ್ತಿನಲ್ಲಿ.

ಊರೂರು ತಿರುಗುವ ನಾಟಕ ಕಂಪನಿಯೊಂದನ್ನು ನೆನೆದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಮಾಲೀಕನ ಬಳಿ ನಾಟಕದ ಮೂಲಪ್ರತಿ ಇದೆ. ಅದರಲ್ಲಿ ಹಾಸ್ಯಗಾರನ ಮಾತಿನ ಪಕ್ಕ ‘ಹುಬ್ಬಳ್ಳಿ ಕ್ಯಾಂಪ್ ಆದರೆ ಈ ಮಾತು, ಮೈಸೂರಾದರೆ ಆ ಮಾತು’ ಎಂಬ ಗುರುತುಗಳಿವೆ. ಪ್ರತಿ ಕ್ಯಾಂಪಿಗೂ ಮುಂಚೆ ಒಬ್ಬ ಗುಮಾಸ್ತ ಆ ಊರಿಗೆ ಬೇಕಾದ ಮಾತನ್ನಷ್ಟೇ ನಕಲು ಮಾಡಿ ನಟರ ಕೈಗೆ ಕೊಡುತ್ತಾನೆ. ನಟರಿಗೆ ಇನ್ನೊಂದು ಮಾತು ಇತ್ತೆಂಬುದೇ ತಿಳಿಯದು. ಸಿ ಭಾಷೆಯಲ್ಲಿ ಈ ಗುಮಾಸ್ತನಿಗೆ ಪ್ರಿಪ್ರೊಸೆಸರ್ ಎಂದು ಹೆಸರು. ನಿಜವಾದ ಕಂಪೈಲರ್ ಕೆಲಸಕ್ಕೆ ಕೂರುವ ಮುಂಚೆಯೇ ಅವನು ತನ್ನ ಕತ್ತರಿ ಆಡಿಸಿರುತ್ತಾನೆ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಸಿ ಭಾಷೆಯನ್ನು ರೂಪಿಸುತ್ತಿದ್ದಾಗ, 1972-73ರ ಸುಮಾರಿಗೆ, ಈ ಗುಮಾಸ್ತ ಕೆಲಸಕ್ಕೆ ಸೇರಿದ. ಮೊದಲು ಅವನಿಗೆ ಬರುತ್ತಿದ್ದುದು ಎರಡೇ ವಿದ್ಯೆ: ಬೇರೆ ಕಡತವನ್ನು ತಂದು ಸೇರಿಸುವುದು, ಒಂದು ಪದದ ಬದಲು ಇನ್ನೊಂದನ್ನು ಇಡುವುದು. ‘ಹೀಗಿದ್ದರೆ ಇದು, ಇಲ್ಲದಿದ್ದರೆ ಅದು’ ಎಂಬ ಷರತ್ತಿನ ವಿದ್ಯೆಯನ್ನು ಸ್ವಲ್ಪದರಲ್ಲೇ ಮೈಕ್ ಲೆಸ್ಕ್, ಜಾನ್ ರೈಸರ್ ಎಂಬಿಬ್ಬರು ಕಲಿಸಿದರು. 1977ರಲ್ಲಿ ರಿಚಿ ಮತ್ತು ಸ್ಟೀವ್ ಜಾನ್ಸನ್ ಸೇರಿ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್ಮನ್ನು ಇಂಟರ್‌ಡೇಟಾ ಕಂಪನಿಯ 8/32 ಎಂಬ, ಜಾತಿಯಲ್ಲೇ ಬೇರೆಯಾದ ಯಂತ್ರಕ್ಕೆ ಒಯ್ದರು. ಒಂದು ಊರಿನಲ್ಲಿ ಹುಟ್ಟಿದ ತಂತ್ರಾಂಶ ಇನ್ನೊಂದು ಊರಿನಲ್ಲಿ ಬಾಳಬಲ್ಲದೆಂದು ಗಟ್ಟಿಯಾಗಿ ತೋರಿಸಿದ ಕೆಲಸಗಳಲ್ಲಿ ಅದೂ ಒಂದು.

ಹೆಸರು ಕೇಳುವ ಕಷ್ಟ

ಗುಮಾಸ್ತನಿಗೆ ಊರು ಯಾವುದೆಂದು ತಿಳಿಯುವುದು ಹೇಗೆ? ಕಂಪೈಲರ್ ತಾನೇ ಕೆಲವು ಹೆಸರುಗಳನ್ನು ಮೊದಲೇ ಬರೆದಿಟ್ಟಿರುತ್ತದೆ. ವಿಂಡೋಸಿಗಾಗಿ ಕಂಪೈಲ್ ಮಾಡುವಾಗ ‘ವಿನ್32’ ಎಂಬ ಹೆಸರು ಇರುತ್ತದೆ. ಲಿನಕ್ಸಿಗಾದರೆ ‘ಲಿನಕ್ಸ್’, ಆಪಲ್ ಯಂತ್ರಗಳಿಗಾದರೆ ‘ಆಪಲ್’. ಬೇರೆ ಹೆಸರುಗಳೊಡನೆ ಬೆರೆತುಹೋಗದಿರಲೆಂದು ಇವುಗಳ ಹಿಂದೆ, ಕೆಲವಕ್ಕೆ ಮುಂದೆಯೂ, ಅಡಿಗೆರೆಗಳಿರುತ್ತವೆ. ಪ್ರೋಗ್ರಾಮ್ ಬರೆಯುವವರು ‘ಈ ಹೆಸರು ಇದೆಯೆ?’ ಎಂದು ಕೇಳಿ ಮುಂದುವರಿಯಬಹುದು.

ಕೇಳಲು ಇಷ್ಟೇ. ಆದರೆ ಈ ಹೆಸರುಗಳಿಗೆ ಅವುಗಳದೇ ಆದ ಇತಿಹಾಸವಿದೆ, ಇತಿಹಾಸವಿರುವ ಹೆಸರುಗಳೆಲ್ಲ ಮೋಸ ಮಾಡುತ್ತವೆ. ‘ವಿನ್32’ ಎಂದರೆ 32 ಬಿಟ್‌ನ ವಿಂಡೋಸ್ ಎಂದು ಯಾರಿಗಾದರೂ ಅನ್ನಿಸೀತು. ಅಲ್ಲ, 64 ಬಿಟ್‌ನ ವಿಂಡೋಸಿನಲ್ಲೂ ಅದೇ ಹೆಸರು ಇರುತ್ತದೆ. ಜೊತೆಗೆ ‘ವಿನ್64’ ಎಂಬ ಇನ್ನೊಂದು ಸೇರಿಕೊಳ್ಳುತ್ತದೆ, ಅಷ್ಟೆ. ಆಂಡ್ರಾಯ್ಡ್ ಫೋನು ಒಳಗೆ ಲಿನಕ್ಸೇ ಆದ್ದರಿಂದ ಅಲ್ಲಿ ‘ಆಂಡ್ರಾಯ್ಡ್’, ‘ಲಿನಕ್ಸ್’ ಎರಡೂ ಹೆಸರುಗಳಿವೆ. ಮೊದಲು ಲಿನಕ್ಸೇ ಎಂದು ಕೇಳಿ ಹೌದೆನ್ನಿಸಿಕೊಂಡು ಹೊರಟವನಿಗೆ ತಾನು ಫೋನಿನೊಳಗಿರುವುದು ತಿಳಿಯುವುದೇ ಇಲ್ಲ. ಮನೆತನದ ಹೆಸರನ್ನು ಮೊದಲು ಕೇಳಬಾರದು, ಮನುಷ್ಯನ ಹೆಸರನ್ನು ಕೇಳಬೇಕು.

ಮ್ಯಾಕಿನ ಪ್ರಸಂಗ ಇನ್ನೂ ಸ್ವಾರಸ್ಯವಾಗಿದೆ. 2007ರಲ್ಲಿ ಬಂದ ಅದರ 10.5ನೇ ಆವೃತ್ತಿಗೆ ‘ಇದು ಯುನಿಕ್ಸ್’ ಎಂಬ ಅಧಿಕೃತ ಪ್ರಮಾಣಪತ್ರವೇ ಸಿಕ್ಕಿತು. ಆದರೆ ಆಪಲ್‌ನ ಕಂಪೈಲರನ್ನು ‘ಯುನಿಕ್ಸ್ ಎಂಬ ಹೆಸರು ಇದೆಯೆ?’ ಎಂದು ಕೇಳಿದರೆ ಇಲ್ಲವೆನ್ನುತ್ತದೆ! ಪ್ರಮಾಣಪತ್ರವಿಲ್ಲದ ಲಿನಕ್ಸ್ ಹೌದೆನ್ನುತ್ತದೆ. ಇನ್ನು ಐಫೋನಿಗೂ ಮ್ಯಾಕಿಗೂ ‘ಆಪಲ್’ ಎಂಬ ಹೆಸರು ಸಮಾನ. ಎರಡನ್ನೂ ಬೇರ್ಪಡಿಸಲು ಆಪಲ್ ಕಂಪನಿ ಪ್ರತ್ಯೇಕ ಕಡತವೊಂದನ್ನು ಕೊಟ್ಟಿದೆ. ಅದರಲ್ಲಿ ಐಫೋನ್ ಎಂಬ ಹೆಸರು ಮ್ಯಾಕಿನಲ್ಲೂ ಇದ್ದೇ ಇರುತ್ತದೆ. ಬೆಲೆ ಮಾತ್ರ ಸೊನ್ನೆ. ಹೆಸರು ಇದೆಯೆ ಎಂದು ಕೇಳಿದವನಿಗೆ ಮ್ಯಾಕೂ ಐಫೋನಿನಂತೆ ಕಾಣುತ್ತದೆ. ಬೆಲೆ ಎಷ್ಟೆಂದು ಕೇಳಿದವನಿಗಷ್ಟೇ ನಿಜ ತಿಳಿಯುತ್ತದೆ. ಒಂದು ಪದದ ವ್ಯತ್ಯಾಸಕ್ಕೆ ಅನುಭವಿಗಳೂ ಅರ್ಧ ದಿನ ಕಳೆದುಕೊಳ್ಳುವುದು ಇಂಥ ಕಡೆಯೇ.

ಅಡಿಗೆರೆಗಳಿಲ್ಲದ ಹಳೆಯ ಕಾಲದಲ್ಲಿ ‘ಯುನಿಕ್ಸ್’ ಎಂಬ ಬರಿಯ ಪದಕ್ಕೇ 1 ಎಂಬ ಬೆಲೆ ಕೊಟ್ಟಿದ್ದರು. ಅರ್ಥವಾಗದಂತೆ ಸಿ ಪ್ರೋಗ್ರಾಮ್ ಬರೆಯುವ ಅಂತರರಾಷ್ಟ್ರೀಯ ಸ್ಪರ್ಧೆಯೊಂದು 1984ರಿಂದ ನಡೆದುಬಂದಿದೆ. ಕೆಟ್ಟದಾಗಿ ಬರೆಯುವುದಕ್ಕೂ ಬಹುಮಾನವಿದೆಯೆಂದರೆ ಕೆಲವು ವಿದ್ಯಾರ್ಥಿಗಳಿಗೆ ಸಂತೋಷವಾದೀತು! 1987ರಲ್ಲಿ ಬೆಲ್ ಪ್ರಯೋಗಾಲಯದ ಡೇವಿಡ್ ಕಾರ್ನ್ ಅಲ್ಲಿಗೆ ಒಂದೇ ಸಾಲಿನ ಪ್ರೋಗ್ರಾಮ್ ಕಳಿಸಿ ಬಹುಮಾನ ಪಡೆದರು. ಅದರ ಒಳಗೆ ಯುನಿಕ್ಸ್ ಎಂಬ ಪದ ಎರಡು ಕಡೆ ಬರುತ್ತದೆ. ನೋಡಿದವರು ಅದನ್ನೇ ಅಚ್ಚು ಮಾಡುತ್ತದೆಂದು ತಿಳಿಯುತ್ತಾರೆ. ಅಚ್ಚಾಗುವುದೂ ‘ಯುನಿಕ್ಸ್’ ಎಂದೇ. ಆದರೆ ಆ ಪದದಿಂದಲ್ಲ. ಗುಮಾಸ್ತ ಎರಡು ಕಡೆಯೂ ಅದನ್ನು ಅಳಿಸಿ 1 ಎಂದು ಬರೆದ ಮೇಲೆ, ಬೇರೆಲ್ಲಿಂದಲೋ ಆಯ್ದ ಅಕ್ಷರಗಳಿಂದ. ಯುನಿಕ್ಸ್ ಅಲ್ಲದ ಕಡೆ ಆ ಸಾಲು ಕಂಪೈಲೇ ಆಗದು. ಈ ಹಳೆಯ ಅಭ್ಯಾಸದ ಪಳೆಯುಳಿಕೆ ಇನ್ನೂ ಇದೆ. ಲಿನಕ್ಸಿನ ಜಿಸಿಸಿಯಲ್ಲಿ ವಿದ್ಯಾರ್ಥಿಯೊಬ್ಬ ಅಭಿಮಾನದಿಂದ ತನ್ನ ಚರಾಂಶಕ್ಕೆ ಸಣ್ಣಕ್ಷರಗಳಲ್ಲಿ ಲಿನಕ್ಸ್ ಎಂದು ಹೆಸರಿಟ್ಟರೆ, ಮಾನಕ ಸಿ ಬೇಕೆಂದು ಪ್ರತ್ಯೇಕವಾಗಿ ಹೇಳಿರದಿದ್ದಲ್ಲಿ, ಅದು 1 ಆಗಿ ಮಾರ್ಪಟ್ಟು ಕಂಪೈಲರ್ ಬೈಯತೊಡಗುತ್ತದೆ. ಬೈಗುಳದಲ್ಲಿ ಕಾರಣ ಮಾತ್ರ ಕಾಣುವುದಿಲ್ಲ.

ಹೆಸರನ್ನು ನಂಬಿ ಕೆಟ್ಟ ಕಥೆಗಳಲ್ಲಿ ಪ್ರಸಿದ್ಧವಾದದ್ದು ವಿಂಡೋಸ್ 9ರದು. 2014ರಲ್ಲಿ ಮೈಕ್ರೋಸಾಫ್ಟ್ 8.1ರ ನಂತರ ಒಂಬತ್ತನ್ನು ಹಾರಿ 10 ಎಂದು ಘೋಷಿಸಿತು. ಹಳೆಯ ಪ್ರೋಗ್ರಾಮುಗಳು ವಿಂಡೋಸ್ 95, 98 ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಹಿಡಿಯಲು ‘ಹೆಸರು ವಿಂಡೋಸ್ 9 ಎಂದು ಶುರುವಾಗುತ್ತದೆಯೆ?’ ಎಂದು ಕೇಳುತ್ತಿದ್ದವು, ಅದಕ್ಕೇ ಹಾರಿದರು ಎಂಬ ಮಾತು ಆಗ ಎಲ್ಲೆಡೆ ಹಬ್ಬಿತು. ಕಂಪನಿ ಇದೇ ಕಾರಣವೆಂದು ಒಪ್ಪಲಿಲ್ಲ. ಆದರೆ ಅಂಥ ಪ್ರಶ್ನೆ ಕೇಳುವ ಪ್ರೋಗ್ರಾಮುಗಳು, ಮುಖ್ಯವಾಗಿ ಜಾವಾ ಭಾಷೆಯಲ್ಲಿ ಬರೆದವು, ನಿಜವಾಗಿಯೂ ಹೇರಳವಾಗಿದ್ದವು. ಇದು ಕಂಪೈಲ್ ಹೊತ್ತಿನ ಪ್ರಶ್ನೆಯಲ್ಲ, ಓಡುವ ಹೊತ್ತಿನದು; ರೋಗ ಮಾತ್ರ ಒಂದೇ.

ಇದಕ್ಕೆ 1991ರಲ್ಲಿ ಡೇವಿಡ್ ಮೆಕೆಂಜಿ ಬರೆಯತೊಡಗಿದ ಆಟೋಕಾನ್ಫ್ ಎಂಬ ಸಲಕರಣೆ ಬೇರೆಯೇ ದಾರಿ ಹಿಡಿಯಿತು. ಅದು ಊರಿನ ಹೆಸರಿಗಿಂತ ಊರಿನ ಅನುಕೂಲಗಳನ್ನು ವಿಚಾರಿಸುತ್ತದೆ. ಇಂಥ ಕಡತ ಇದೆಯೆ? ಇಂಥ ಕಾರ್ಯ ಗೊತ್ತಿದೆಯೆ? ಪೂರ್ಣಾಂಕ ಎಷ್ಟು ಬೈಟ್? ಉತ್ತರವನ್ನು ಪುಸ್ತಕ ನೋಡಿ ಹೇಳುವುದಿಲ್ಲ. ನಾಲ್ಕೈದು ಸಾಲಿನ ಪುಟ್ಟ ಪ್ರೋಗ್ರಾಮೊಂದನ್ನು ಅಲ್ಲೇ ಬರೆದು, ಕಂಪೈಲ್ ಮಾಡಿ ನೋಡುತ್ತದೆ. ಆದರೆ ‘ಇದೆ’, ಆಗದಿದ್ದರೆ ‘ಇಲ್ಲ’. ಲಿನಕ್ಸಿನಲ್ಲಿ ತಂತ್ರಾಂಶ ಕಟ್ಟುವಾಗ ತೆರೆಯ ಮೇಲೆ ‘ಪರೀಕ್ಷಿಸುತ್ತಿದೆ... ಹೌದು’, ‘ಪರೀಕ್ಷಿಸುತ್ತಿದೆ... ಇಲ್ಲ’ ಎಂದು ಉದ್ದಕ್ಕೆ ಓಡುವ ಸಾಲುಗಳು ಇವೇ. ಹೊಸ ಊರಿಗೆ ಬಾಡಿಗೆಗೆ ಹೋಗುವ ಗೃಹಿಣಿ ಬಡಾವಣೆಯ ಹೆಸರು ಕೇಳಿ ಸುಮ್ಮನಾಗದೆ ನಲ್ಲಿ ತಿರುಗಿಸಿ ನೋಡುತ್ತಾಳಲ್ಲ, ಹಾಗೆ.

ಇನ್ನೊಂದು ಎಡವಟ್ಟು: ಯಾವ ಊರನ್ನು ವಿಚಾರಿಸಬೇಕು? ಫೋನಿನ ಆಪ್‌ಗಳನ್ನು ಸಾಮಾನ್ಯವಾಗಿ ಫೋನಿನಲ್ಲೇ ಕೂತು ಕಂಪೈಲ್ ಮಾಡುವುದಿಲ್ಲ. ಕಟ್ಟುವುದು ಲ್ಯಾಪ್‌ಟಾಪಿನಲ್ಲಿ, ಓಡುವುದು ಫೋನಿನಲ್ಲಿ. ಕಟ್ಟುವಾಗ ‘ಈ ಕಂಪ್ಯೂಟರ್ ಯಾವುದು?’ ಎಂದು ಕೇಳಿದರೆ ವಿಂಡೋಸ್ ಎಂಬ ನಿಜವಾದ ಉತ್ತರವೇ ಬರುತ್ತದೆ. ಆದರೆ ಕೆಲಸಕ್ಕೆ ಬಾರದ ನಿಜ. ದರ್ಜಿ ತನ್ನ ಮೈಯಳತೆ ತೆಗೆದು ಗಿರಾಕಿಯ ಅಂಗಿ ಹೊಲಿದಂತೆ. ಸಿಮೇಕ್ ಎಂಬ, ಇಂದು ಬಹಳ ಬಳಕೆಯಲ್ಲಿರುವ ಸಲಕರಣೆಯಲ್ಲಿ ಕಟ್ಟುವ ಯಂತ್ರದ ಹೆಸರಿಗೂ ಓಡುವ ಯಂತ್ರದ ಹೆಸರಿಗೂ ಬೇರೆ ಬೇರೆ ಜಾಗಗಳನ್ನಿಟ್ಟಿರುವುದು ಇದಕ್ಕಾಗಿ. ಸಿಮೇಕ್ ಹುಟ್ಟಿದ್ದು 2000ದಲ್ಲಿ, ಅಮೆರಿಕದ ಕಿಟ್‌ವೇರ್ ಕಂಪನಿಯಲ್ಲಿ. ಅಲ್ಲಿಯ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯಕ್ಕೆ ಮಾನವ ದೇಹದ ಚಿತ್ರಗಳನ್ನು ಸಂಸ್ಕರಿಸುವ ತಂತ್ರಾಂಶ ಬೇಕಾಗಿತ್ತು. ಅದು ಎಲ್ಲ ಕಂಪ್ಯೂಟರುಗಳಲ್ಲೂ ಕಟ್ಟಲು ಬರಬೇಕಿತ್ತು. ಅಂದಹಾಗೆ ಸಿಮೇಕಿನಲ್ಲಿ ಮ್ಯಾಕೂ ಯುನಿಕ್ಸೇ. ಕಂಪೈಲರ್ ಇಲ್ಲವೆಂದದ್ದನ್ನು ಸಿಮೇಕ್ ಹೌದೆನ್ನುತ್ತದೆ. ಎರಡನ್ನೂ ಒಟ್ಟಿಗೆ ಕಲಿಯುವ ವಿದ್ಯಾರ್ಥಿಗಳನ್ನು ಕಂಡು ಮರುಕಪಡಬೇಕು.

ತಾಲೀಮು ಮತ್ತು ಪ್ರದರ್ಶನ

ಊರು ಗೊತ್ತಾದರೂ ಗುಮಾಸ್ತನಿಗೆ ಮತ್ತೊಂದು ವಿಷಯ ತಿಳಿಯಬೇಕು. ಈ ಪ್ರತಿ ತಾಲೀಮಿಗೋ, ಪ್ರದರ್ಶನಕ್ಕೋ?

ತಂತ್ರಾಂಶವನ್ನು ಬರೆಯುವವರು ತಮಗಾಗಿ ಒಂದು ಬಗೆಯಲ್ಲಿ, ಬಳಸುವವರಿಗಾಗಿ ಇನ್ನೊಂದು ಬಗೆಯಲ್ಲಿ ಕಟ್ಟುತ್ತಾರೆ. ಮೊದಲನೆಯದು ಡೀಬಗ್, ಎರಡನೆಯದು ರಿಲೀಸ್. ಡೀಬಗ್ ಪ್ರತಿ ತಾಲೀಮಿನಂತೆ: ಪರದೆಯ ಹಿಂದೆ ಪ್ರಾಂಪ್ಟರ್ ನಿಂತಿರುತ್ತಾನೆ, ತಪ್ಪಿದಲ್ಲಿ ನಿಲ್ಲಿಸುತ್ತಾನೆ, ನಾಟಕ ನಿಧಾನವಾಗುತ್ತದೆ. ರಿಲೀಸ್ ಪ್ರತಿಯಲ್ಲಿ ಅವನನ್ನು ಮನೆಗೆ ಕಳಿಸಿ, ನಾಟಕವನ್ನು ಬಿಗಿಗೊಳಿಸಿ, ವೇಗ ಹೆಚ್ಚಿಸಿರುತ್ತಾರೆ. ಸಿಮೇಕಿನಲ್ಲಿ ಇವೆರಡರ ನಡುವಿನ ಇನ್ನೆರಡು ಬಗೆಗಳೂ ಸೇರಿ ಒಟ್ಟು ನಾಲ್ಕಿವೆ.

ಸಿ ಭಾಷೆಯ ಪ್ರಾಂಪ್ಟರಿಗೆ ‘ಅಸರ್ಟ್’ ಎಂದು ಹೆಸರು. ‘ಈ ಹಂತದಲ್ಲಿ ಇದು ಹೀಗಿರಲೇಬೇಕು’ ಎಂದು ಬರೆದಿಟ್ಟರೆ, ಹಾಗಿಲ್ಲದಿದ್ದಾಗ ಅದು ಪ್ರೋಗ್ರಾಮನ್ನು ನಿಲ್ಲಿಸಿ ಎಲ್ಲಿ ತಪ್ಪಿತೆಂದು ತೋರಿಸುತ್ತದೆ. ಅವನನ್ನು ಮನೆಗೆ ಕಳಿಸುವ ಮಂತ್ರ ‘ಎನ್‌ಡೀಬಗ್’, ಅಂದರೆ ‘ಡೀಬಗ್ ಅಲ್ಲ’. 1989ರ ಅಮೆರಿಕನ್ ಮಾನಕದಲ್ಲೇ ಇದಿದೆ. ಮೈಕ್ರೋಸಾಫ್ಟ್ ಇದಲ್ಲದೆ ‘ಡೀಬಗ್’ ಎಂಬ ತನ್ನದೇ ಹೆಸರನ್ನೂ ಇಟ್ಟುಕೊಂಡಿದೆ. ಒಂದು ಇದ್ದರೆ ತಾಲೀಮು, ಇನ್ನೊಂದು ಇದ್ದರೆ ಪ್ರದರ್ಶನ. ಲಿನಕ್ಸಿನ ಜಿಸಿಸಿ ಮಾತ್ರ ಯಾರೂ ಹೇಳದಿದ್ದರೆ ಎರಡನ್ನೂ ಇಡುವುದಿಲ್ಲ. ಮೈಕ್ರೋಸಾಫ್ಟಿನ ಹೆಸರನ್ನೇ ನಂಬಿ ಬರೆದ ಪ್ರೋಗ್ರಾಮ್ ಲಿನಕ್ಸಿಗೆ ಬಂದಾಗ ತಾನು ಸದಾ ಪ್ರದರ್ಶನದಲ್ಲಿದ್ದೇನೆಂದು ತಿಳಿದುಕೊಳ್ಳುತ್ತದೆ.

ಸಿಮೇಕಿನಲ್ಲೂ ಇಂಥದೇ ಬಲೆ. ಲಿನಕ್ಸಿನಲ್ಲಿ ಮಾಮೂಲಿ ಮೇಕ್ ಕಡತಗಳ ಮೂಲಕ ಕಟ್ಟುವಾಗ ಬಗೆ ಯಾವುದೆಂದು ಹೇಳದಿದ್ದರೆ ಅದು ಖಾಲಿ. ಡೀಬಗ್ಗೂ ಅಲ್ಲ, ರಿಲೀಸೂ ಅಲ್ಲ. ವಿಂಡೋಸಿನ ವಿಷುಯಲ್ ಸ್ಟುಡಿಯೊದಲ್ಲಾದರೆ ಸಿಮೇಕ್ ತನ್ನ ಕೆಲಸ ಮುಗಿಸುವ ಹೊತ್ತಿಗೆ ಆ ತೀರ್ಮಾನವೇ ಆಗಿರುವುದಿಲ್ಲ. ಆಮೇಲೆ ಬಳಸುವವರು ಪಟ್ಟಿಯಿಂದ ಆರಿಸುತ್ತಾರೆ. ‘ಈಗ ಡೀಬಗ್ ತಾನೆ?’ ಎಂದು ಮುಂಚೆಯೇ ಕೇಳಿದ ಸಾಲಿಗೆ ಅಲ್ಲಿ ಉತ್ತರವೇ ಸಿಗದು. ಪ್ರಶ್ನೆಯನ್ನು ಬರೆದಿಟ್ಟು, ಉತ್ತರವನ್ನು ಕಟ್ಟುವ ಗಳಿಗೆಗೆ ಮುಂದೂಡುವ ಬೇರೆ ರೀತಿಯ ಬರವಣಿಗೆಯನ್ನು ಕಲಿಯಬೇಕು.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಅಸರ್ಟಿನ ಒಳಗೆ ಕೆಲಸ ಇಟ್ಟು. ‘ಕಡತ ತೆರೆ, ತೆರೆಯಿತು ತಾನೆ?’ ಎಂಬೆರಡನ್ನೂ ಒಂದೇ ಸಾಲಿನಲ್ಲಿ, ಅಸರ್ಟಿನ ಆವರಣದೊಳಗೇ ಬರೆದುಬಿಡುತ್ತಾರೆ. ತಾಲೀಮಿನಲ್ಲಿ ಎಲ್ಲ ಸರಿ. ರಿಲೀಸ್ ಪ್ರತಿಯಲ್ಲಿ ಅಸರ್ಟ್ ಇಡಿಯಾಗಿ ಮಾಯವಾಗುವುದರಿಂದ ಅದರ ಜೊತೆ ಕಡತ ತೆರೆಯುವ ಕೆಲಸವೂ ಮಾಯ! ಪ್ರಾಂಪ್ಟರೇ ದಿನವೂ ದೀಪ ಹಚ್ಚುತ್ತಿದ್ದ. ಪ್ರದರ್ಶನದ ದಿನ ಅವನಿಲ್ಲ, ರಂಗ ಕತ್ತಲು.

ಬೆಲೆ ಕೊಡದ ಚರಾಂಶಗಳೂ ಹೀಗೆಯೇ ಆಡಿಸುತ್ತವೆ. ಮೈಕ್ರೋಸಾಫ್ಟಿನ ಡೀಬಗ್ ಪ್ರತಿ ಅಂಥ ಜಾಗಗಳನ್ನು ಬೇಕೆಂದೇ ಒಂದು ಗುರುತಿನಿಂದ ತುಂಬಿಡುತ್ತದೆ. ವಿಷುಯಲ್ ಸಿ ಕಲಿತವರಲ್ಲಿ ಬಹುಮಂದಿ ಎಂದಾದರೊಮ್ಮೆ ತೆರೆಯ ಮೇಲೆ ಮೈನಸ್ 858993460 ಎಂಬ ವಿಚಿತ್ರ ಸಂಖ್ಯೆ ಕಂಡು ಬೆಚ್ಚಿರುತ್ತಾರೆ. ಅದು ಆ ಗುರುತು. ‘ನೀನು ಬೆಲೆ ಕೊಡಲು ಮರೆತೆ’ ಎಂಬ ಸೂಚನೆ. ರಿಲೀಸ್ ಪ್ರತಿಯಲ್ಲಿ ಆ ಗುರುತಿರುವುದಿಲ್ಲ, ಹಿಂದೆ ಅಲ್ಲಿದ್ದ ಯಾವುದೋ ಕಸವಿರುತ್ತದೆ. ಅದು ಸೊನ್ನೆಯಾಗಿದ್ದರೆ ತಪ್ಪು ವರ್ಷಗಟ್ಟಲೆ ಅಡಗಿ ಕೂರಬಹುದು.

ಎರಡು ಸಾಲಿನ ಕತ್ತರಿ

ಇವೆಲ್ಲ ಕಾಲೇಜು ಮಟ್ಟದ ತಾಪತ್ರಯಗಳೆಂದು ತಿಳಿಯುವವರು 2008ರ ಡೆಬಿಯನ್ ಪ್ರಕರಣವನ್ನು ತಿಳಿಯಬೇಕು. ಡೆಬಿಯನ್ ಎಂಬುದು ಸ್ವಯಂಸೇವಕರು ಕಟ್ಟುವ, ಜಗತ್ತಿನಾದ್ಯಂತ ಬಳಕೆಯಲ್ಲಿರುವ ಲಿನಕ್ಸ್. ಉಬುಂಟು ಕೂಡ ಅದರ ಮೇಲೆಯೇ ನಿಂತಿದೆ. ಅದರೊಳಗಿನ ಓಪನ್‌ಎಸ್ಎಸ್ಎಲ್ ಎಂಬ ತಂತ್ರಾಂಶ ಗುಟ್ಟಿನ ಕೀಲಿಗಳನ್ನು ತಯಾರಿಸುತ್ತದೆ. ದೂರದ ಕಂಪ್ಯೂಟರಿಗೆ ಭದ್ರವಾಗಿ ಪ್ರವೇಶಿಸಲು, ಅಂತರಜಾಲದ ವ್ಯವಹಾರದಲ್ಲಿ ಗುಟ್ಟು ಕಾಪಾಡಲು ಇಂಥ ಕೀಲಿಗಳು ಬೇಕು. ಕೀಲಿ ಯಾರಿಗೂ ಊಹಿಸಲಾಗದಂತಿರಬೇಕಾದರೆ ಅದರ ಮೂಲದಲ್ಲಿ ಗೊತ್ತುಗುರಿಯಿಲ್ಲದ ಸಂಖ್ಯೆಗಳಿರಬೇಕು. ಅದಕ್ಕಾಗಿ ಓಪನ್‌ಎಸ್ಎಸ್ಎಲ್ ನಾನಾ ಕಡೆಯಿಂದ ಅಂಕಿಗಳನ್ನು ತಂದು ಒಂದು ಕೊಳಗದಲ್ಲಿ ಕಲಸುತ್ತಿತ್ತು.

ಕಲಸುವ ಕಡತದಲ್ಲಿ, ಬೇರೆ ಬೇರೆ ಎರಡು ಜಾಗಗಳಲ್ಲಿ, ನೋಡಲು ಒಂದೇ ಥರದ ಎರಡು ಸಾಲುಗಳಿದ್ದವು. ಒಂದು ಸಾಲು ಬೆಲೆ ಕೊಡದ ಹಳೆಯ ಕಸವನ್ನೂ ಕೊಳಗಕ್ಕೆ ಸುರಿಯುತ್ತಿತ್ತು. ಸಿಕ್ಕಿದ್ದು ಲಾಭ ಎಂಬ ಲೆಕ್ಕ, ಇಲ್ಲದಿದ್ದರೂ ನಷ್ಟವಿಲ್ಲ. ತಪ್ಪು ಹುಡುಕುವ ಪ್ಯೂರಿಫೈ ಎಂಬ ಸಲಕರಣೆ ಇಂಥದನ್ನು ಕಂಡರೆ ಗೊಣಗುತ್ತಿತ್ತು. ಆದ್ದರಿಂದ ಮೂಲ ಕರ್ತೃಗಳು ಆ ಸಾಲಿಗೆ ಗುಮಾಸ್ತನಿಗೆಂದು ಷರತ್ತೊಂದನ್ನು ಬರೆದಿದ್ದರು: ಪ್ಯೂರಿಫೈಗಾಗಿ ಕಟ್ಟುವಾಗ ಮಾತ್ರ ಇದನ್ನು ಬಿಡು. ಇನ್ನೊಂದು ಸಾಲಿಗೆ ಅಂಥ ಷರತ್ತಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಏಕೆಂದರೆ ಹೊರಗಿನಿಂದ ತಂದ ನಿಜವಾದ ಅಂಕಿಗಳನ್ನೆಲ್ಲ ಕೊಳಗಕ್ಕೆ ಹಾಕುತ್ತಿದ್ದುದು ಅದೇ ಸಾಲು.

ಡೆಬಿಯನ್ ಪರವಾಗಿ ಇದನ್ನು ನೋಡಿಕೊಳ್ಳುತ್ತಿದ್ದವರು 2006ರಲ್ಲಿ ವ್ಯಾಲ್‌ಗ್ರಿಂಡ್ ಎಂಬ ಅಂಥದೇ ಸಲಕರಣೆಯ ಗೊಣಗಾಟ ಕಂಡು ಎರಡೂ ಸಾಲುಗಳನ್ನು ತೆಗೆದರೆ ಹೇಗೆಂದು ಓಪನ್‌ಎಸ್ಎಸ್ಎಲ್ ಬಳಗವನ್ನು ವಿಚಾರಿಸಿದರು. ಅನುಮಾನ ಬಂದಾಗ ಬಲ್ಲವರನ್ನು ಕೇಳುವುದು, ಮಾಡಬೇಕಾದ ಕೆಲಸವೇ. ತಪ್ಪು ಹುಡುಕಲು ಅನುಕೂಲವಾಗುವುದಾದರೆ ತೆಗೆಯಬಹುದೆಂಬ ಅರ್ಥದ ಉತ್ತರ ಬಳಗದ ಕಡೆಯಿಂದ ಬಂತು. ಪ್ರಶ್ನೆಯೂ ತಾಲೀಮಿನ ಬಗ್ಗೆ, ಉತ್ತರವೂ ತಾಲೀಮಿನ ಬಗ್ಗೆ. ಕತ್ತರಿ ಬಿದ್ದದ್ದು ಮಾತ್ರ ಪ್ರದರ್ಶನದ ಪ್ರತಿಗೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಎರಡೂ ಸಾಲು ಎಲ್ಲರ ಪಾಲಿಗೂ ಇಲ್ಲವಾದವು.

ಪ್ರೋಗ್ರಾಮ್ ನಿಲ್ಲಲಿಲ್ಲ. ಕೀಲಿಗಳು ಎಂದಿನಂತೆ ತಯಾರಾಗುತ್ತಿದ್ದವು, ನೋಡಲು ಎಂದಿನಂತೆಯೇ ಉದ್ದವಾಗಿ, ಗೋಜಲಾಗಿ ಇದ್ದವು. ಆದರೆ ಕೊಳಗಕ್ಕೆ ಬೀಳುತ್ತಿದ್ದ ವ್ಯತ್ಯಾಸವೆಂದರೆ ಓಡುತ್ತಿರುವ ಪ್ರೋಗ್ರಾಮಿಗೆ ಲಿನಕ್ಸ್ ಕೊಡುವ ಕ್ರಮಸಂಖ್ಯೆಯೊಂದೇ. ಮಾಮೂಲಿಯಾಗಿ ಅದು 32,768ನ್ನು ದಾಟುತ್ತಿರಲಿಲ್ಲ. ಅಂದರೆ ಒಂದೇ ಜಾತಿಯ ಯಂತ್ರದಲ್ಲಿ ಒಂದೇ ಅಳತೆಯ ಕೀಲಿಗಳು ಒಟ್ಟು ಸಾಧ್ಯವಿದ್ದದ್ದು ಸುಮಾರು 32 ಸಾವಿರ. ಅವನ್ನೆಲ್ಲ ಮೊದಲೇ ತಯಾರಿಸಿಟ್ಟುಕೊಂಡವನು ಒಂದೊಂದನ್ನೇ ಬೀಗಕ್ಕೆ ಹಾಕಿ ನೋಡಬಹುದಿತ್ತು.

2008ರ ಮೇ 13ರಂದು ಡೆಬಿಯನ್ ಇದನ್ನು ಬಹಿರಂಗಪಡಿಸಿತು. ಕಂಡುಹಿಡಿದವರು ಅವರದೇ ಬಳಗದ ಲುಸಿಯಾನೊ ಬೆಲ್ಲೊ. ಅಲ್ಲಿಗೆ ಹೆಚ್ಚುಕಡಿಮೆ ಇಪ್ಪತ್ತು ತಿಂಗಳು ಕಳೆದಿದ್ದವು. ತಂತ್ರಾಂಶವನ್ನು ಸರಿಪಡಿಸಿದರಷ್ಟೇ ಸಾಲದಾಯಿತು. ಆ ಅವಧಿಯಲ್ಲಿ ತಯಾರಾದ ಕೀಲಿಗಳನ್ನೆಲ್ಲ ಎಸೆದು ಹೊಸದಾಗಿ ಮಾಡಬೇಕಾಯಿತು. ಡೆಬಿಯನ್ನಿನಲ್ಲಿ ತಯಾರಿಸಿ ಬೇರೆ ಕಡೆ ಒಯ್ದ ಕೀಲಿಗಳಿಗೂ ಇದೇ ಗತಿ. ದುರ್ಬಲ ಕೀಲಿಗಳ ಪಟ್ಟಿಯನ್ನೇ ತಂತ್ರಾಂಶದ ಜೊತೆ ಹಂಚಿದರು, ಯಾರಾದರೂ ಹಳೆಯದನ್ನು ಹಿಡಿದು ಬಂದರೆ ಬಾಗಿಲಲ್ಲೇ ತಡೆಯಲಿ ಎಂದು. ತೆಗೆಯಬೇಕೆನಿಸಿದ್ದನ್ನು ಮೂಲ ಕರ್ತೃಗಳಂತೆ ಷರತ್ತಿನೊಳಗೆ ಇಟ್ಟಿದ್ದರೆ ತಾಲೀಮಿನ ಪ್ರತಿಯಷ್ಟೇ ಕೆಡುತ್ತಿತ್ತು.

ಪೋಷಕರಿಗೆ ಒಂದು ಸಮಾಧಾನ. ಇದನ್ನೆಲ್ಲ ಕಲಿಯಲು ಮನೆಗೆ ಎರಡನೆಯ ಕಂಪ್ಯೂಟರ್ ಬೇಕಿಲ್ಲ. ವಿಂಡೋಸ್ ಇರುವ ಯಂತ್ರದಲ್ಲೇ ಪೆನ್‌ಡ್ರೈವಿನಿಂದ ಲಿನಕ್ಸನ್ನು ಓಡಿಸಬಹುದು. 2016ರಿಂದೀಚೆಗೆ ಮೈಕ್ರೋಸಾಫ್ಟೇ ವಿಂಡೋಸಿನ ಒಳಗೆ ಲಿನಕ್ಸ್ ಇಟ್ಟುಕೊಳ್ಳುವ ಏರ್ಪಾಡು ಮಾಡಿದೆ. ಪರೀಕ್ಷೆಯ ಹಿಂದಿನ ದಿನವಲ್ಲ, ಮೊದಲ ವಾರದಲ್ಲೇ ಮಗಳು ತನ್ನ ಕಡತವನ್ನು ಎರಡೂ ಕಡೆ ಓಡಿಸಿ ನೋಡಲಿ.

ನೋಡುವಾಗ ಮಾಡಬಹುದಾದ ಒಂದು ಸಣ್ಣ ಪ್ರಯೋಗವಿದೆ. ಜಿಸಿಸಿಗೆ ಒಂದು ಖಾಲಿ ಕಡತ ಕೊಟ್ಟು, ಜೊತೆಗೆ ಎರಡು ಸೂಚನೆ ಕೊಡಬೇಕು: ಹೈಫನ್ ಹಾಕಿ ಚಿಕ್ಕ ಡಿ, ದೊಡ್ಡ ಎಂ, ಮತ್ತೊಂದು ಹೈಫನ್ ಹಾಕಿ ದೊಡ್ಡ ಇ. ಆಗ ಅದು ಏನನ್ನೂ ಕಂಪೈಲ್ ಮಾಡದೆ, ತಾನು ಮೊದಲೇ ಬರೆದಿಟ್ಟುಕೊಂಡ ಹೆಸರುಗಳನ್ನೆಲ್ಲ ತೆರೆಯ ಮೇಲೆ ಸುರಿಯುತ್ತದೆ. ನೂರಾರು ಸಾಲುಗಳು. ವಿಂಡೋಸಿಗಾಗಿ ಕಟ್ಟುವ ಜಿಸಿಸಿಯಿಂದ ಒಂದು ಪಟ್ಟಿ, ಲಿನಕ್ಸಿನ ಜಿಸಿಸಿಯಿಂದ ಒಂದು ಪಟ್ಟಿ ತೆಗೆದು ಅಕ್ಕಪಕ್ಕ ಇಟ್ಟರೆ ಊರಿನ ಹೆಸರುಗಳಲ್ಲದೆ ಇನ್ನೊಂದು ವ್ಯತ್ಯಾಸವೂ ಕಾಣುತ್ತದೆ. 64 ಬಿಟ್ ಲಿನಕ್ಸಿನಲ್ಲಿ ‘ಲಾಂಗ್’ ಎಂಬ ದೊಡ್ಡ ಪೂರ್ಣಾಂಕ ಎಂಟು ಬೈಟ್. 64 ಬಿಟ್ ವಿಂಡೋಸಿನಲ್ಲಿ ನಾಲ್ಕೇ.

ಮೊದಲಿನ ಫ್ಯಾಕ್ಟೋರಿಯಲ್ ಲೆಕ್ಕವನ್ನು ಈಗ ಲಾಂಗ್ ಬಳಸಿ ಬರೆದರೆ ಎಂಟಕ್ಕೆ ಎರಡೂ ಕಡೆ 40,320 ಬರುತ್ತದೆ. ಹನ್ನೆರಡರವರೆಗೂ ಎರಡೂ ಒಪ್ಪುತ್ತವೆ. ಹದಿಮೂರಕ್ಕೆ ಲಿನಕ್ಸ್ 6,227,020,800 ಎನ್ನುತ್ತದೆ, ಅದು ಸರಿ. ವಿಂಡೋಸಿನಲ್ಲಿ ಸಾಮಾನ್ಯವಾಗಿ ಬರುವುದು 1,932,053,504. ಈ ಸಲ ತಪ್ಪನ್ನು ಗುರುತಿಸಲು ಮೈನಸ್ ಚಿಹ್ನೆಯೂ ಇಲ್ಲ.